ಕುದಿಸಿದರೂ ಕೆಲಸ ಮಾಡಿದ ಪ್ರೋಟೀನು

ಅಸ್ಥಿಮಜ್ಜೆಯ ಕಾಂಡಕೋಶಗಳನ್ನು (ಸ್ಟೆಮ್ ಸೆಲ್) ಪ್ರಯೋಗಾಲಯದಲ್ಲಿ ಬೆಳೆಸುವುದು ನನ್ನ ಕೆಲಸ. ಈ ಕೋಶಗಳು ತಾವೇ ರಕ್ತನಾಳವಾಗುವುದಕ್ಕಿಂತ ಹೆಚ್ಚಾಗಿ, ನಾಳದ ಬೆಳವಣಿಗೆಯನ್ನು ಪ್ರಚೋದಿಸುವ ವಿಇಜಿಎಫ್‌ನಂತಹ ಅಂಶಗಳನ್ನು ಸುತ್ತಲಿನ ದ್ರವಕ್ಕೆ ಬಿಟ್ಟು, ಗಾಯಗೊಂಡ ನಾಳದ ಒಳಪದರ ಮತ್ತೆ ಬೆಳೆಯಲು ನೆರವಾಗುತ್ತವೆ. ಒಂದು ಪ್ರೋಟೀನು ಈ ಸ್ರವಿಕೆಯನ್ನು ಹೆಚ್ಚಿಸುತ್ತದೆಯೇ ಎಂದು ನಾವು ಪರೀಕ್ಷಿಸುತ್ತಿದ್ದ ದಿನಗಳಲ್ಲಿ ಬಂದ ಫಲಿತಾಂಶ ನನ್ನನ್ನು ಹಿಗ್ಗಿಸಿತ್ತು: ಹೊಕ್ಕುಳಬಳ್ಳಿಯ ರಕ್ತನಾಳದಿಂದ ತೆಗೆದ ಕೋಶಗಳು, ಪ್ರೋಟೀನು ಹಾಕಿ ಬೆಳೆಸಿದ ಕಾಂಡಕೋಶಗಳ ದ್ರವದಲ್ಲಿ ಕೆಲವೇ ಗಂಟೆಗಳೊಳಗೆ ಒಂದಕ್ಕೊಂದು ಕೂಡಿಕೊಂಡು ದಟ್ಟವಾದ ಜಾಲ ಕಟ್ಟಿದ್ದವು. ವಾರದ ಸಭೆಯಲ್ಲಿ ಚಿತ್ರಗಳನ್ನು ನೋಡಿದ ಹಿರಿಯ ಸಹೋದ್ಯೋಗಿಯೊಬ್ಬರು, “ಪ್ರೋಟೀನನ್ನು ಕುದಿಸಿ ಹಾಕಿ ನೋಡಿದ್ದೀರಾ?” ಎಂದು ಕೇಳಿದರು. ನಾನು ನೋಡಿರಲಿಲ್ಲ.

ಕುದಿಸಿದರೆ ಪ್ರೋಟೀನಿನ ರಚನೆ ಕೆಟ್ಟು, ಅದು ನಿಷ್ಕ್ರಿಯವಾಗಬೇಕು. ಆದರೆ ಕುದಿಸಿದ ಪ್ರೋಟೀನೂ ಹೆಚ್ಚುಕಡಿಮೆ ಅಷ್ಟೇ ಕೆಲಸ ಮಾಡಿತು. ಬ್ಯಾಕ್ಟೀರಿಯಾದ ವಿಷಕ್ಕೆ ಅಂಟಿಕೊಂಡು ಅದನ್ನು ಅಡಗಿಸುವ ಪಾಲಿಮಿಕ್ಸಿನ್ ಬಿ ಎಂಬ ಔಷಧವನ್ನು ಬೆರೆಸಿದಾಗ ಮಾತ್ರ ಪರಿಣಾಮ ಅಡಗಿತು. ಅಲ್ಲಿಗೆ ಸಂಗತಿ ತಿಳಿಯಿತು. ಆ ಪ್ರೋಟೀನನ್ನು ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ತಯಾರಿಸಲಾಗಿತ್ತು, ಮತ್ತು ಆ ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿರುವ ಎಂಡೋಟಾಕ್ಸಿನ್ ಎಂಬ, ಕುದಿಸಿದರೂ ಕೆಡದ ವಿಷವು ಅದರೊಡನೆಯೇ ನಮ್ಮ ತಟ್ಟೆಗೆ ಬಂದಿತ್ತು. ಹೋಲಿಕೆಗಾಗಿ ಇಟ್ಟ ತಟ್ಟೆಗೆ ಪ್ರೋಟೀನಿಲ್ಲದ ಬರೀ ಬಫರ್ ದ್ರಾವಣ ಹಾಕಿದ್ದರಿಂದ ಅದರಲ್ಲಿ ವಿಷವಿರಲಿಲ್ಲ. ತಿಂಗಳುಗಟ್ಟಲೆ ನಾನು ಪ್ರೋಟೀನಿನ ಗುಣವೆಂದು ಬರೆದಿಟ್ಟದ್ದು ಬಹುಪಾಲು ವಿಷದ ಗುಣವಾಗಿತ್ತು. ಎಂಡೋಟಾಕ್ಸಿನ್ ಪತ್ತೆಹಚ್ಚಲು ಕುದುರೆಲಾಳದ ಏಡಿಯ ರಕ್ತಕೋಶಗಳ ಸಾರದಿಂದ ಮಾಡುವ ಎಲ್‌ಎಎಲ್ ಪರೀಕ್ಷೆಯೂ ಇದನ್ನೇ ದೃಢಪಡಿಸಿತು.

ನಾವು ದ್ರಾವಣವನ್ನು 0.22 ಮೈಕ್ರಾನ್ ಸೋಸುಕದಲ್ಲಿ ಸೋಸಿದ್ದೆವು, ಗಾಜಿನ ಬಾಟಲಿಗಳನ್ನು 121 ಡಿಗ್ರಿ ಸೆಲ್ಸಿಯಸ್‌ನ ಒತ್ತಡದ ಹಬೆಯಲ್ಲಿ ಆಟೊಕ್ಲೇವ್ ಮಾಡಿದ್ದೆವು. ಇವೆರಡೂ ಜೀವಂತ ಬ್ಯಾಕ್ಟೀರಿಯಾವನ್ನು ತಡೆಯುತ್ತವೆಯೇ ಹೊರತು ಅದರ ವಿಷವನ್ನು ನಂಬುವಂತೆ ತೆಗೆಯುವುದಿಲ್ಲ. ಈಗ ಗಾಜನ್ನು 250 ಡಿಗ್ರಿಯ ಒಣ ಶಾಖದಲ್ಲಿ ಅರ್ಧ ಗಂಟೆ ಇಡುತ್ತೇವೆ, ಪ್ರತಿಯೊಂದು ಹೊಸ ಪ್ರೋಟೀನಿನಲ್ಲೂ ಎಂಡೋಟಾಕ್ಸಿನ್ ಎಷ್ಟಿದೆಯೆಂದು ಮೊದಲೇ ಅಳೆಯುತ್ತೇವೆ.

ಆದರೂ ಕಾಂಡಕೋಶಗಳು ತಪ್ಪು ಮಾಡಿರಲಿಲ್ಲ ಎಂಬುದು ನನಗೆ ಇಂದಿಗೂ ಮುಖ್ಯವೆನಿಸುತ್ತದೆ. ಅವುಗಳ ಮೇಲ್ಮೈಯಲ್ಲಿರುವ ಟಿಎಲ್‌ಆರ್4 ಗ್ರಾಹಕ ಈ ವಿಷವನ್ನು ಗುರುತಿಸುತ್ತದೆ. ಇಲಿಗಳಲ್ಲಿ ಆ ಪಾತ್ರವನ್ನು 1998ರಲ್ಲಿ ತೋರಿಸಿದ ಬ್ರೂಸ್ ಬ್ಯೂಟ್ಲರ್ ಅವರಿಗೆ 2011ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಬ್ಯಾಕ್ಟೀರಿಯಾ ಒಳಹೊಕ್ಕ ಗಾಯದಲ್ಲಿ ನಾಳಗಳೂ ಹರಿದಿರುತ್ತವೆ, ಆದ್ದರಿಂದ ವಿಷದ ಸುಳಿವು ಸಿಕ್ಕೊಡನೆ ದುರಸ್ತಿಗೆ ತೊಡಗುವುದು ಕೋಶಕ್ಕೆ ಸಹಜವೆಂದು ನಾನು ಭಾವಿಸುತ್ತೇನೆ. ಪ್ರಮಾಣ ಮೀರಿದರೆ ಅದೇ ವಿಷ ನಾಳದ ಒಳಪದರವನ್ನು ಸಡಿಲಿಸಿ ಸೋರುವಂತೆ ಮಾಡುತ್ತದೆ; ಸೋಂಕಿಗೆ ದೇಹ ಮಿತಿಮೀರಿ ಪ್ರತಿಕ್ರಿಯಿಸುವ ಸೆಪ್ಸಿಸ್‌ನಲ್ಲಿ ಆಗುವುದು ಇದೇ. ಹಾಗಾಗಿ ಈಗ ನಮ್ಮ ಪ್ರತಿ ಪ್ರಯೋಗದಲ್ಲೂ ಒಂದು ತಟ್ಟೆಗೆ ಅಳತೆ ಮಾಡಿದ ಎಂಡೋಟಾಕ್ಸಿನ್ ಮಾತ್ರ ಬೀಳುತ್ತದೆ, ಅದರ ಪಕ್ಕದ ತಟ್ಟೆಗೆ ಕುದಿಸಿದ ಪ್ರೋಟೀನು.