ಏರ್ ಶಾಕಪ್ ಬದಲಿಸುವ ಮೊದಲು ಸೋಪು ನೀರು ಹಚ್ಚಿ

ಮಳೆಗಾಲ ಮುಗಿಯುತ್ತಿದ್ದಂತೆ ಕಾರವಾರದ ಹೈವೇಯಲ್ಲಿ ದೊಡ್ಡ ಬೈಕ್‌ಗಳ ಓಡಾಟ ಶುರುವಾಗುತ್ತದೆ. ಗೋವಾಕ್ಕೆ ಹೋಗುವವರು, ಗೋಕರ್ಣ, ಮುರ್ಡೇಶ್ವರ ಸುತ್ತುವವರು. ಹಳೆ ಹಾರ್ಲೆ ಎಲೆಕ್ಟ್ರಾ ಗ್ಲೈಡ್, ರೋಡ್ ಕಿಂಗ್ ಇಟ್ಟುಕೊಂಡವರು ನನ್ನ ಗ್ಯಾರೇಜಿಗೆ ಬಂದರೆ ಹೆಚ್ಚಾಗಿ ಒಂದೇ ದೂರು. "ಹಿಂದೆ ಕೂತುಬಿಡ್ತದೆ ಅಣ್ಣಾ, ಗಾಳಿ ಹೊಡೆದ್ರೂ ನಿಲ್ಲೋದಿಲ್ಲ." ಈ ಬೈಕ್‌ಗಳ ಹಿಂದಿನ ಶಾಕಪ್ ಒಳಗೆ ಗಾಳಿ ತುಂಬಿಸುತ್ತಾರೆ, ಏರ್ ಶಾಕಪ್ ಅನ್ನುವುದು ಇದಕ್ಕೇ. ಅಷ್ಟರಲ್ಲಿ ಯಾರೋ ಅವರಿಗೆ ಎರಡೂ ಶಾಕಪ್ ಹೊಸತು ಹಾಕಿಸಿ ಅಂತ ಹೇಳಿರುತ್ತಾರೆ. ಗಾಳಿ ಎಲ್ಲಿಂದ ಹೋಗುತ್ತಿದೆ ಅಂತ ಕಣ್ಣಾರೆ ನೋಡುವ ತನಕ ಶಾಕಪ್ ಬಿಚ್ಚಬಾರದು ಅನ್ನುವುದು ಈ ಕೆಲಸ ನನಗೆ ಕಲಿಸಿದ ಪಾಠ.

ಮೊದಲು ಗೇಜ್ ವಿಷಯ. ಟೈರಿನಲ್ಲಿ ಇರುವಷ್ಟು ಗಾಳಿ ಈ ಶಾಕಪ್ ಒಳಗೆ ಇರುವುದಿಲ್ಲ, ಜಾಗ ತೀರಾ ಸಣ್ಣದು. ಪಂಕ್ಚರ್ ಅಂಗಡಿಯ ಗೇಜ್ ಚುಚ್ಚಿದರೆ ಅದರ ಪೈಪ್ ತುಂಬುವುದಕ್ಕೇ ಒಂದಿಷ್ಟು ಗಾಳಿ ಹೋಗುತ್ತದೆ, ತೆಗೆಯುವಾಗ ಪುಸ್ ಅಂತ ಇನ್ನಷ್ಟು. ದಿನಾ ಬೆಳಿಗ್ಗೆ ಗಾಳಿ ಚೆಕ್ ಮಾಡಿ ದಿನಾ ಕಡಿಮೆ ಬರ್ತಿದೆ ಅಂದರೆ, ಆ ಚೆಕ್ ಮಾಡುವುದೇ ಅರ್ಧ ಕಾರಣ ಇರಬಹುದು. ಇದಕ್ಕೆ ಅಂತಲೇ ತೆಗೆಯುವಾಗ ಗಾಳಿ ಬಿಡದ ಸಣ್ಣ ಕೈ ಪಂಪ್ ಬರುತ್ತದೆ, ಅದನ್ನೇ ಬಳಸಿ. ಪೆಟ್ರೋಲ್ ಬಂಕಿನ ಕಂಪ್ರೆಸರ್ ಹಚ್ಚಲೇಬೇಡಿ. ಒಂದು ಕ್ಷಣದಲ್ಲಿ ಒತ್ತಡ ಮಿತಿ ದಾಟಿ ಸೀಲ್ ಹಾಳಾಗಬಹುದು. ಎಷ್ಟು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಬೇಕು ಅನ್ನುವುದು ಮಾಡೆಲ್ ಮೇಲೆ, ಹೊರೆ ಮೇಲೆ. ಮ್ಯಾನುವಲ್ಲಿನ ಟೇಬಲ್ ನೋಡಿಯೇ ಹೊಡೆಯಿರಿ.

ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಧ್ಯಾಹ್ನ ಟ್ಯಾಗೋರ್ ಬೀಚ್ ಹತ್ತಿರ ಬಿಸಿಲಲ್ಲಿ ನಿಂತ ಬೈಕಿನಲ್ಲಿ 30 ಪಿಎಸ್‌ಐ ತೋರಿಸಿದರೆ, ಬೆಳಗಿನ ಜಾವ 10 ಡಿಗ್ರಿ ತಂಪಾದಾಗ ಸುಮಾರು ಒಂದೂವರೆ ಪಿಎಸ್‌ಐ ತಾನಾಗಿಯೇ ಇಳಿದಿರುತ್ತದೆ. ಅದು ಲೀಕ್ ಅಲ್ಲ. ಹಾಗಾಗಿ ನಾನು ಸಂಜೆ ತಂಪಾದ ಮೇಲೆ ಗಾಳಿ ತುಂಬಿ, ಕೈ ಹಚ್ಚದೆ ಬಿಟ್ಟು, ಬೆಳಿಗ್ಗೆ ಅದೇ ಪಂಪಿನಲ್ಲಿ ನೋಡುತ್ತೇನೆ.

ಗಾಳಿ ಹೋಗುವುದು ಬೇರೆ, ಶಾಕಪ್ ಎಣ್ಣೆ ಹೋಗುವುದು ಬೇರೆ. ಗಾಳಿ ಬೈಕಿನ ಹಿಂಭಾಗವನ್ನು ಎತ್ತಿ ಹಿಡಿಯುತ್ತದೆ, ಎಣ್ಣೆ ಅದರ ಕುಣಿತ ತಡೆಯುತ್ತದೆ. ಗಾಳಿ ಇಳಿದರೆ ಹೆಡ್‌ಲೈಟ್ ಮೇಲಕ್ಕೆ ಹೊಡೆಯುತ್ತದೆ, ಸೈಡ್ ಸ್ಟ್ಯಾಂಡಿನಲ್ಲಿ ಬೈಕ್ ಮಾಮೂಲಿಗಿಂತ ನೆಟ್ಟಗೆ ನಿಲ್ಲುತ್ತದೆ. ಎತ್ತರ ಸರಿಯಾಗಿದ್ದೂ ಹಂಪ್ ಹಾರಿದ ಮೇಲೆ ಹಿಂದೆ ಎರಡು ಮೂರು ಸಲ ಕುಣಿದರೆ ದೋಷ ಎಣ್ಣೆಯದು. ಅದಕ್ಕೆ ಜಾಸ್ತಿ ಗಾಳಿ ಹೊಡೆದು ಉಪಯೋಗ ಇಲ್ಲ, ಸುಮ್ನೆ ಸೊಂಟ ನೋವು ಬರುತ್ತದೆ ಅಷ್ಟೇ.

ಇತ್ತೀಚೆಗೆ ಹುಬ್ಬಳ್ಳಿಯ ಗಂಡ ಹೆಂಡತಿ ಒಂದು ಹಳೆ ಎಲೆಕ್ಟ್ರಾ ಗ್ಲೈಡ್ ತಂದಿದ್ದರು. ರಾತ್ರಿ ಕಳೆಯುವುದರೊಳಗೆ ಗಾಳಿ ಪೂರ್ತಿ ಇಳಿಯುತ್ತಿತ್ತು. ಸೈಡ್ ಬ್ಯಾಗ್ ಎರಡೂ ತೆಗೆದು, ಗಾಳಿ ತುಂಬಿ, ಪಾತ್ರೆ ತೊಳೆಯುವ ಲಿಕ್ವಿಡ್‌ಗೆ ಸ್ವಲ್ಪ ನೀರು ಸೇರಿಸಿ ಬ್ರಷ್‌ನಲ್ಲಿ ಹಚ್ಚುತ್ತಾ ಬಂದೆ. ಮೊದಲು ವಾಲ್ವ್ ಬಾಯಿ. ನಮ್ಮ ಕಡೆ ಹತ್ತಕ್ಕೆ ಐದು ಬೈಕ್‌ನಲ್ಲಿ ಸಮಸ್ಯೆ ಅಲ್ಲೇ ಮುಗಿಯುತ್ತದೆ ಅಂದರೂ ತಪ್ಪಲ್ಲ. ಕ್ಯಾಪ್ ಕಳೆದುಹೋಗಿರುತ್ತದೆ, ಉಪ್ಪುಗಾಳಿ ಮತ್ತು ಮರಳು ಸೇರಿ ಪಿನ್ ಸರಿಯಾಗಿ ಕೂರುವುದಿಲ್ಲ. ಟೈರಿಗೆ ಹಾಕುವಂಥದೇ ಪಿನ್, ಹೊಸತು ಹಾಕಿದರೆ ಆಯಿತು. ಇವರ ಬೈಕಿನಲ್ಲಿ ಅಲ್ಲಿ ಏನೂ ಬರಲಿಲ್ಲ. ಪೈಪ್ ಎರಡಾಗಿ ಕವಲೊಡೆಯುವ ಟಿ ಹತ್ತಿರವೂ ಇಲ್ಲ.

ಬಲಗಡೆ ಶಾಕಪ್‌ಗೆ ಪೈಪ್ ಸೇರುವಲ್ಲಿ ಸೋಪು ಹಚ್ಚಿ ಕಾದೆ. ಮೊದಲು ಏನೂ ಕಾಣಲಿಲ್ಲ. ಆಮೇಲೆ ಸಾಬಕ್ಕಿಗಿಂತ ಸಣ್ಣ ಗುಳ್ಳೆಗಳು ಒಂದರ ಹಿಂದೆ ಒಂದು ಎದ್ದು ಬಿಳಿ ನೊರೆಯಾಗಿ ನಿಂತವು. ಇಲ್ಲಿ ಅವಸರ ಮಾಡಿದರೆ ಲೀಕ್ ಸಿಗುವುದಿಲ್ಲ, ಒಂದೊಂದು ಜಾಗಕ್ಕೂ ಒಂದೆರಡು ನಿಮಿಷ ಕೊಡಲೇಬೇಕು. ಗಾಳಿ ಪೂರ್ತಿ ಬಿಟ್ಟು, ಫಿಟ್ಟಿಂಗಿನ ಕಾಲರ್ ಒಳಗೆ ಒತ್ತಿ ಹಿಡಿದು ಪೈಪ್ ಎಳೆದೆ. ತುದಿ ಓರೆಯಾಗಿ ಕತ್ತರಿಸಿತ್ತು, ಮೇಲೆ ಉದ್ದಕ್ಕೆ ಒಂದು ಗೀರು. ಒಳಗಿನ ಓ ರಿಂಗ್ (ರಬ್ಬರ್ ಉಂಗುರ) ಎಷ್ಟೇ ಬಿಗಿ ಇದ್ದರೂ ಆ ಗೀರಿನಲ್ಲಿ ಗಾಳಿ ನುಸುಳುತ್ತದೆ ಅಲ್ವಾ? ಪೈಪ್ ಸ್ವಲ್ಪ ಉದ್ದವೇ ಇತ್ತು, ತುದಿ ಕತ್ತರಿಸಿದರೂ ಸಾಲುವಷ್ಟು. ಹೊಸ ಬ್ಲೇಡಿನಿಂದ ಗೀರು ಇದ್ದ ತುದಿಯನ್ನು ನೆಟ್ಟಗೆ ಕತ್ತರಿಸಿ ತೆಗೆದು, ಕೊನೆ ಮುಟ್ಟುವ ತನಕ ಒತ್ತಿದೆ. ಬೆಳಿಗ್ಗೆ ನೋಡಿದರೆ ಗಾಳಿ ಹಾಗೇ ಇತ್ತು. ಅವರಿಗೆ ಆದ ಸಮಾಧಾನ ನೋಡಿ ನನಗೂ ತುಂಬಾ ಖುಷಿಯಾಯಿತು.

ಗಾಳಿ ಬಿಡುವಾಗ ನಿಧಾನವಾಗಿ ಬಿಡಿ. ಒಮ್ಮೆಲೇ ಪಿನ್ ಒತ್ತಿದರೆ ಗಾಳಿ ಜೊತೆ ಶಾಕಪ್ ಎಣ್ಣೆಯೂ ಹೊರಗೆ ಬರಬಹುದು. ಕೆಲಸ ಮುಗಿದ ಮೇಲೆ ಸೋಪನ್ನು ಸಿಹಿ ನೀರಿನಲ್ಲಿ ತೊಳೆದು ಒರೆಸಿ, ಕರಾವಳಿಯಲ್ಲಿ ತುಕ್ಕಿಗೆ ಸಣ್ಣ ನೆಪ ಸಾಕು.

ಹೋಂಡಾದ ಹಳೆ ಗೋಲ್ಡ್ ವಿಂಗ್ ಜಿಎಲ್1500 ತರಹ ಬೈಕಿನಲ್ಲೇ ಕಂಪ್ರೆಸರ್ ಇದ್ದರೆ ಇನ್ನೊಂದು ಪ್ರಶ್ನೆ ಮೊದಲು ಕೇಳಬೇಕು: ಸ್ವಿಚ್ ಒತ್ತಿದಾಗ ಕಂಪ್ರೆಸರ್ ಸದ್ದು ಬರುತ್ತದಾ? ಸದ್ದು ಬಂದೂ ಒತ್ತಡ ಏರದಿದ್ದರೆ ಮೊದಲು ಲೀಕ್ ಹುಡುಕಿ. ಸದ್ದೇ ಇಲ್ಲದಿದ್ದರೆ ಫ್ಯೂಸ್, ರಿಲೇ, ಆಮೇಲೆ ಕನೆಕ್ಟರ್. ನಮ್ಮ ಮಳೆ ಕಂಡ ಬೈಕಿನಲ್ಲಿ ಕನೆಕ್ಟರ್ ಬಿಚ್ಚಿದರೆ ಹಸಿರು ಕಿಲುಬು ಕಾಣುವುದು ಮಾಮೂಲು.

ಕೊನೆಗೆ ಶಾಕಪ್ ರಾಡ್ ಮೇಲೆ ಎಣ್ಣೆ ಕಂಡು, ಸೋಪಿನ ಗುಳ್ಳೆಯೂ ಸೀಲ್ ಹತ್ತಿರವೇ ಎದ್ದರೆ ಆಗ ಶಾಕಪ್ ಬಿಚ್ಚಲೇಬೇಕು. ಪಾರ್ಟ್ ಕಾರವಾರದಲ್ಲಿ ಸಿಗುವುದಿಲ್ಲ, ತರಿಸಬೇಕು, ದಿನ ಹಿಡಿಯುತ್ತದೆ. ಕಾಯಲು ಆಗದವರಿಗೆ ನಾನು ಹೇಳುವುದು ಇಷ್ಟು: ಹಿಂದೆ ಕೂರುವವರನ್ನೂ ಬ್ಯಾಗನ್ನೂ ಹುಬ್ಬಳ್ಳಿ ಬಸ್ಸಿಗೆ ಹತ್ತಿಸಿ, ಹೆಡ್‌ಲೈಟ್ ತಗ್ಗಿಸಿಕೊಂಡು, ಒಬ್ಬರೇ ನಿಧಾನವಾಗಿ ಹಗಲು ಹೊತ್ತಲ್ಲೇ ಅರಬೈಲ್ ಘಟ್ಟ ಹತ್ತಿ.