ಹಾರದ ವಿಮಾನದ ಫೋಟೋ ತೆಗೆದು ಏನ್ ಮಾಡ್ತೀರಿ?

"ಹಾರೋ ವಿಮಾನದ ಫೋಟೋ ತೆಗೆದರೆ ಒಂದು ಅರ್ಥ ಇದೆ. ಮೂಲೇಲಿ ನಿಂತು ತುಕ್ಕು ಹಿಡೀತಿರೋ ಡಬ್ಬಾದ್ದು ಯಾಕೆ?" ಆಫೀಸಿನವರು, ನೆಂಟರು, ಮದುವೆಮನೆಯಲ್ಲಿ ಪಕ್ಕದ ಎಲೆಗೆ ಕೂತವರು, ಎಲ್ಲರೂ ಇದನ್ನು ಕೇಳಿಯಾಗಿದೆ. ಅಲ್ಲಿ ಏನೋ ಒಂದು ಹೇಳಿ ಪಾಯಸದ ಕಡೆ ತಿರುಗಿಬಿಡುತ್ತೇನೆ. ಉದ್ದದ ಉತ್ತರ ಇಲ್ಲಿದೆ.

ಡಬ್ಬಾ ಅಂದವರಿಗೆ ಗೋವಾದಲ್ಲಿರುವ ಸೂಪರ್ ಕಾನ್‌ಸ್ಟಲೇಷನ್ ಅನ್ನೋ ಹಳೆಯ ಪ್ರಯಾಣಿಕ ವಿಮಾನ ತೋರಿಸಬೇಕು. ದಾಬೋಲಿಂ ವಿಮಾನ ನಿಲ್ದಾಣದಿಂದ ಬೋಗ್ಮಾಲೋ ಕಡೆ ಹೋದರೆ ನೌಕಾಪಡೆಯ ವಿಮಾನ ಸಂಗ್ರಹಾಲಯ ಸಿಗುತ್ತದೆ. ಕಾರವಾರದವರಾದರೆ ಬೆಳಿಗ್ಗೆ ಹೊರಟು ಸಂಜೆಗೆ ಮನೆಗೆ ಬರಬಹುದು. ಬಯಲಲ್ಲಿ ನಿಂತಿರುವ ಆ ವಿಮಾನದ ನೌಕಾಪಡೆ ನಂಬರು ಐಎನ್ 315. ಅದಕ್ಕೂ ಮೊದಲು ಅದು ಏರ್ ಇಂಡಿಯಾದ್ದು, ನೋಂದಣಿ ಸಂಖ್ಯೆ ವಿಟಿ-ಡಿಎಚ್‌ಎಂ, ಹೆಸರು 'ರಾಣಿ ಆಫ್ ಎಲ್ಲೋರಾ'. 1950ರ ದಶಕದಲ್ಲಿ ಏರ್ ಇಂಡಿಯಾದ ದೂರದ ಹಾರಾಟಗಳನ್ನು ಇಂಥ ರಾಣಿಯರೇ ನಡೆಸುತ್ತಿದ್ದವು. 1960ರಲ್ಲಿ ಬೋಯಿಂಗ್ 707 ಜೆಟ್ ಬಂತು, ರಾಣಿಯರು ವಾಯುಪಡೆಗೆ ಹೋದವು. 1976ರಲ್ಲಿ ನೌಕಾಪಡೆ ಅವನ್ನು ತೆಗೆದುಕೊಂಡು ಸಮುದ್ರದ ಮೇಲೆ ಕಣ್ಗಾವಲಿಗೆ ಕಳಿಸಿತು. ಲಂಡನ್ನಿಗೆ ಹೊರಟವರು ಕೂತಿದ್ದ ಜಾಗದಲ್ಲಿ ಕೂತು ನೌಕಾಪಡೆಯವರು ಅರಬ್ಬೀ ಸಮುದ್ರದಲ್ಲಿ ಹಡಗು ಹುಡುಕುತ್ತಿದ್ದರು.

ನೋಡಲು ಮಾತ್ರ, ಆಹಾ. ಮೂತಿ ಸ್ವಲ್ಪ ಕೆಳಕ್ಕೆ ಬಾಗಿ, ಬಾಲ ಮೇಲಕ್ಕೆದ್ದು, ಮೈಯೆಲ್ಲ ಮೀನಿನ ಹಾಗೆ ಬಳುಕುತ್ತದೆ. ಈಗಿನ ವಿಮಾನಗಳ ನೆಟ್ಟನೆಯ ಕೊಳವೆ ಇದಕ್ಕಿಲ್ಲ. ಬಾಲದಲ್ಲಿ ಒಂದರ ಬದಲು ಮೂರು ರೆಕ್ಕೆ, ಆ ಕಾಲದ ಹ್ಯಾಂಗರುಗಳ ಬಾಗಿಲೊಳಗೆ ನುಗ್ಗಲಿ ಅಂತ ಎತ್ತರ ತಗ್ಗಿಸಿದ್ದು. ನಾಲ್ಕು ರೈಟ್ ಎಂಜಿನ್, ಒಂದೊಂದರಲ್ಲೂ 18 ಸಿಲಿಂಡರ್, ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್. ಲೆಕ್ಕ ಹಾಕಿ, ಒಂದು ವಿಮಾನಕ್ಕೆ 144 ಪ್ಲಗ್. ಮೆಕ್ಯಾನಿಕ್ಕುಗಳ ಪಾಡು ನೆನೆಸಿಕೊಂಡರೆ ಜೆಟ್ ಯಾಕೆ ಗೆದ್ದಿತು ಅನ್ನುವುದಕ್ಕೆ ಬೇರೆ ವಿವರಣೆಯೇ ಬೇಡ.

ಈಗ ತುಕ್ಕಿನ ವಿಷಯ. ಅಲ್ಯೂಮಿನಿಯಂ ಕಬ್ಬಿಣದ ಹಾಗೆ ಕೆಂಪಾಗುವುದಿಲ್ಲ. ಕಡಲ ಪಕ್ಕ ಬಯಲಲ್ಲಿ ನಿಂತ ಹಳೆಯ ವಿಮಾನದ ಹತ್ತಿರ ಹೋಗಿ ರಿವೆಟ್ ಸಾಲನ್ನು ದಿಟ್ಟಿಸಿ. ರಿವೆಟ್ ತಲೆಯ ಸುತ್ತ ಬಿಳಿ ಪುಡಿ ಕೂತಿರುತ್ತದೆ. ಪೇಂಟಿನ ಅಡಿಯಲ್ಲಿ ಕೂದಲೆಳೆಯಂಥ ಗೆರೆಗಳು ಹರಿದಾಡಿರುತ್ತವೆ. ಉಕ್ಕಿನ ಬೋಲ್ಟು ಅಲ್ಯೂಮಿನಿಯಂ ತಗಡನ್ನು ತಾಗುವ ಕಡೆ, ನಡುವೆ ಉಪ್ಪುನೀರು ಸೇರಿದರೆ, ಕರಗುವುದು ತಗಡೇ. ದೂರದಿಂದ ಏನೂ ಕಾಣದು. ಹತ್ತಿರದಿಂದ, ವಾರೆ ಬಿಸಿಲಿನಲ್ಲಿ, ಎಲ್ಲ ಕಾಣುತ್ತದೆ. ಅದಕ್ಕೇ ನಾನು ನಡುಮಧ್ಯಾಹ್ನ ಕ್ಯಾಮೆರಾ ತೆಗೆಯುವುದಿಲ್ಲ. ಬೆಳಿಗ್ಗೆ ಬೇಗ ಅಥವಾ ಸಂಜೆ ತಡವಾಗಿ, ಬೆಳಕು ತಗಡಿನ ಮೇಲೆ ಸವರಿಕೊಂಡು ಹೋಗುವಾಗ ತೆಗೆದರೆ ತೇಪೆ, ತಗ್ಗು, ಹಳೆಯ ಪೇಂಟಿನ ಅಂಚು ಎಲ್ಲ ಎದ್ದು ಬರುತ್ತವೆ. ಅದೇ ಜಾಗವನ್ನು ಅದೇ ಕೋನದಿಂದ ಕೆಲವು ವರ್ಷ ಬಿಟ್ಟು ಮತ್ತೆ ತೆಗೆದು ಪಕ್ಕಪಕ್ಕ ಇಟ್ಟರೆ ವಿಮಾನ ನಿಂತಲ್ಲೇ ಎಷ್ಟು ಬದಲಾಗಿದೆ ಅಂತ ಗೊತ್ತಾಗುತ್ತದೆ. ನಾಳೆ ಯಾರಾದರೂ ದುರಸ್ತಿಗೆ ಕೈಹಾಕಿದರೆ ಅವರಿಗೆ ಬೇಕಾಗುವುದು ಇಂಥ ಫೋಟೋ.

ಹಾರುವ ವಿಮಾನದ ಮೋಜು ಬೇರೆ, ಒಪ್ಪುತ್ತೇನೆ. ಅಲ್ಲಿ ಕಷ್ಟ ಪ್ರೊಪೆಲ್ಲರಿನದು. ಎರಡು ಎಂಜಿನ್ನಿನ ಹಳೆಯ ಡಕೋಟಾ ವಿಮಾನದ ಪ್ರೊಪೆಲ್ಲರ್ ಸೆಕೆಂಡಿಗೆ ಸುಮಾರು 20 ಸುತ್ತು ಹಾಕುತ್ತದೆ. ಕ್ಯಾಮೆರಾದ ಶಟರ್ ವೇಗ 1/1000 ಸೆಕೆಂಡ್ ಇಟ್ಟರೆ ಎಲೆಗಳು ಗಕ್ಕನೆ ನಿಂತು, ಎಂಜಿನ್ ಕೆಟ್ಟ ವಿಮಾನ ಬೀಳುತ್ತಿದೆಯೇನೋ ಅನ್ನಿಸುತ್ತದೆ. 1/125ಕ್ಕೆ ಇಳಿಸಿದರೆ ಸುತ್ತು ಕಾಣುತ್ತದೆ, ಆದರೆ ಕೈ ಅಲುಗಿ ಹತ್ತರಲ್ಲಿ ಒಂಬತ್ತು ಕೆಡುತ್ತವೆ.

"ಹಾಗಾದರೆ ರಿಪೇರಿ ಮಾಡಿ ಹಾರಿಸಬಾರದಾ?" ಇದು ಎರಡನೇ ಪ್ರಶ್ನೆ. ಆಗದ್ದೇನಲ್ಲ. ಹಳೆಯ ವಿಮಾನ ದುರಸ್ತಿ ಮಾಡುವ ಆಸ್ಟ್ರೇಲಿಯಾದ ಹಾರ್ಸ್ (HARS) ಸಂಸ್ಥೆಯ ಸ್ವಯಂಸೇವಕರು ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ ಬಿದ್ದಿದ್ದ ಸೂಪರ್ ಕಾನ್‌ಸ್ಟಲೇಷನ್ ಒಂದನ್ನು ವರ್ಷಗಟ್ಟಲೆ ದುರಸ್ತಿ ಮಾಡಿ 1996ರಲ್ಲಿ ಸಿಡ್ನಿಗೆ ಹಾರಿಸಿಕೊಂಡು ಹೋದರು. ಅತ್ತ ಲುಫ್ತಾನ್ಸಾದಂಥ ದೊಡ್ಡ ಕಂಪನಿ 2007ರಲ್ಲಿ ಮೂರು ಸ್ಟಾರ್‌ಲೈನರ್ (ಕಾನ್‌ಸ್ಟಲೇಷನ್‌ನದೇ ಕೊನೆಯ ಮಾದರಿ) ಕೊಂಡು, ಹತ್ತು ವರ್ಷ ಕೋಟಿಗಟ್ಟಲೆ ಸುರಿದು, 2018ರಲ್ಲಿ ಕೈಚೆಲ್ಲಿತು. ಒಂದೂ ಹಾರಲಿಲ್ಲ. ನನ್ನನ್ನು ಕೇಳಿದರೆ ಗೋವಾದ ರಾಣಿಯನ್ನು ಹಾರಿಸುವ ಆಸೆಯೇ ಬೇಡ. ತಲೆಯ ಮೇಲೊಂದು ಮಾಡು ಹಾಕಿಸಿದರೆ ಸಾಕು.

2018ರಲ್ಲಿ ವಾಯುಪಡೆಗೆ ಬಂದ ಡಕೋಟಾ 'ಪರಶುರಾಮ' ನಿಮಗೆ ನೆನಪಿರಬಹುದು. ಆಗ ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್, ಡಕೋಟಾ ಪೈಲಟ್ ಆಗಿದ್ದ ತಮ್ಮ ತಂದೆಯ ಗೌರವಾರ್ಥ, ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿ ಕೊಟ್ಟದ್ದು. ಅದರ ಮೇಲಿರುವ ವಿಪಿ 905, 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ಇಳಿಸಿದ ಡಕೋಟಾದ ನಂಬರು. ಆದರೆ ಈ ವಿಮಾನ ಅದಲ್ಲ, ಬ್ರಿಟನ್ನಿನಲ್ಲೇ ದಶಕಗಳ ಕಾಲ ದುಡಿದ ಇನ್ನೊಂದು ಡಕೋಟಾ. ನಂಬರಿಗೆ ಸಂದ ಗೌರವ ಸರಿಯೇ. ಅದರ ಸ್ವಂತ ಜೀವನ ಮಾತ್ರ ಹೊಸ ಪೇಂಟಿನ ಕೆಳಗೆ ಹೋಯಿತು. ಅದನ್ನು ಈಗ ನೋಡಬೇಕೆಂದರೆ ಅಲ್ಲಿನ ಹವ್ಯಾಸಿಗಳು ಹಿಂದೆ ತೆಗೆದ ಫೋಟೋಗಳೇ ಗತಿ.

ನಮ್ಮಲ್ಲಿ ಅಂಥ ಫೋಟೋಗಳು ಕಮ್ಮಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಸೇನೆಯ ಡಕೋಟಾಗಳನ್ನು ಬಿಚ್ಚಿ, ಪ್ರಯಾಣಿಕರ ಸೀಟು ಹಾಕಿ, ವಿಮಾನ ಕಂಪನಿಗಳಿಗೆ ಕೊಡುತ್ತಿದ್ದರು. (ಅಮೆರಿಕದ ಲಿಬರೇಟರ್ ಬಾಂಬರುಗಳನ್ನು ಕಾನ್ಪುರದ ಗುಜರಿಯಿಂದ ಎಬ್ಬಿಸಿದವರೂ ಇದೇ ಎಚ್‌ಎಎಲ್‌ನವರು. ಅವುಗಳಲ್ಲಿ ಕೆಲವು ಇವತ್ತು ಬ್ರಿಟನ್, ಅಮೆರಿಕದ ಮ್ಯೂಸಿಯಮ್ಮುಗಳಲ್ಲಿ ನೋಡಲು ಸಿಗುತ್ತವೆ. ಆ ಕಥೆ ಇನ್ನೊಮ್ಮೆ.) 1951ರ ಡಿಸೆಂಬರ್ 25ರಂದು ಮಂಗಳೂರಿನ ಬಜ್ಪೆ ನಿಲ್ದಾಣ ಉದ್ಘಾಟನೆಗೆ ನೆಹರೂ ಬಂದಿಳಿದದ್ದೂ ಡಕೋಟಾದಲ್ಲೇ. ಆಮೇಲೆ ಆವ್ರೋ ವಿಮಾನ ಬಂತು. ಇವುಗಳ ಮೆಟ್ಟಿಲ ಬಳಿ ಹಾರ ಹಾಕಿಸಿಕೊಂಡು ನಿಂತ ಅಜ್ಜನೋ ಚಿಕ್ಕಪ್ಪನೋ ನಿಮ್ಮ ಮನೆಯ ಆಲ್ಬಮ್ಮಿನಲ್ಲೂ ಇದ್ದಾರು. ಒಮ್ಮೆ ತೆಗೆದು ನೋಡಿ. ಅವರ ಹಿಂದಿನ ವಿಮಾನದ ಮೇಲೆ 'ವಿಟಿ' ಅಂತ ಶುರುವಾಗುವ ನೋಂದಣಿ ಅಕ್ಷರ ಕಂಡರೆ ಅದು ಯಾವ ವಿಮಾನ, ಎಲ್ಲಿಂದ ಬಂತು, ಕೊನೆಗೆ ಏನಾಯಿತು ಅಂತ ಹುಡುಕಲು ದಾರಿಯಾಗುತ್ತದೆ. ಇಡೀ ಫೋಟೋ ಸ್ಕ್ಯಾನ್ ಮಾಡಿ ನನಗೆ ಕಳಿಸಿ. ಅಜ್ಜನ ಮುಖ ದೊಡ್ಡದಾಗಿ ಕಾಣಲಿ ಅಂತ ಬಾಲ ಕತ್ತರಿಸಬೇಡಿ.