ಯಾದಗಿರಿಯಲ್ಲಿ ಕಯಾಕ್ ಎಲ್ಲಿ ನಡೆಸುತ್ತೀರಿ, ಅದೂ ಬೇಸಿಗೆಯಲ್ಲಿ?

ಭೀಮಾ ನದಿಯಲ್ಲಿ. ಉತ್ತರ ಇಷ್ಟೇ. ಯಾದಗಿರಿಯಿಂದ ಶಹಾಪುರಕ್ಕೆ ಹೋಗುವವರೆಲ್ಲ ದಾಟುವ ನದಿ ಅದು. ಈ ಪ್ರಶ್ನೆ ಕೇಳುವವರಲ್ಲಿ ಬಹುಪಾಲು ಜನ ಬಸ್ಸಿನ ಕಿಟಕಿಯಿಂದ ಅದಕ್ಕೆ ನಾಣ್ಯ ಎಸೆದು ಕೈ ಮುಗಿದವರೇ. ಆದರೂ ಕೇಳುವಾಗ ಮಾತ್ರ, ನಾನು ಮನೆಯ ಅಂಗಳದಲ್ಲಿ ದೋಣಿ ಇಟ್ಟುಕೊಂಡು ಹುಟ್ಟು ಹಾಕುತ್ತಿದ್ದೇನೆ ಎಂಬಂತೆ ನೋಡುತ್ತಾರೆ. ಅದರ ಹಿಂದೆಯೇ ಸಲಹೆಯೂ ಬರುತ್ತದೆ: ದಾಂಡೇಲಿಗೆ ಹೋಗಬಾರದೇ, ಉಡುಪಿಯ ಸಾಲಿಗ್ರಾಮದಲ್ಲಿ ಕಾಂಡ್ಲಾ ಕಾಡಿನ ನಡುವೆ ಎಷ್ಟು ಚೆನ್ನಾಗಿರುತ್ತದೆ! ಚೆನ್ನಾಗಿರುತ್ತದೆ, ಒಪ್ಪಿದೆ. ಆದರೆ ನಾನು ನೋಡಬೇಕೆಂದಿರುವುದು ನನ್ನ ಊರನ್ನು, ಮತ್ತು ನನ್ನ ಊರು ಸಾಲಿಗ್ರಾಮದಲ್ಲಿ ಇಲ್ಲ.

ಕಳೆದ ಬೇಸಿಗೆಯಲ್ಲಿ ಸುರಪುರದ ಮದುವೆಯೊಂದರ ಊಟದ ಪಂಕ್ತಿಯಲ್ಲಿ, ಬೆಂಗಳೂರಿನಲ್ಲಿ ನೆಲೆಸಿರುವ ನಮ್ಮ ಸೋದರಮಾವ ಇಡೀ ಸಾಲಿಗೆ ಕೇಳಿಸುವಂತೆ, “ಏನಪಾ, ನಮ್ಮೂರಾಗ ಕುಡಿಲಾಕ ನೀರಿಲ್ಲ, ನೀ ದೋಣಿ ನಡಸ್ಲಾಕತ್ತೀಯಂತಲ್ಲ?” ಎಂದರು. ಎಲ್ಲರೂ ನಕ್ಕರು. ಹೋಳಿಗೆಗೆ ತುಪ್ಪ ಹಾಕುತ್ತಿದ್ದ ಹುಡುಗನೂ ಕೈ ನಿಲ್ಲಿಸಿ ನಕ್ಕ, ನನ್ನ ಎಲೆಗೆ ತುಪ್ಪ ಬೀಳಲೇ ಇಲ್ಲ. ಮಾವನ ಮಾತಿನಲ್ಲಿ ಎರಡು ಆರೋಪಗಳಿದ್ದವು. ನದಿಯಲ್ಲಿ ನೀರೇ ಇಲ್ಲ ಎಂಬುದು ಒಂದು. ಇದ್ದರೂ ಜನ ಕೊಡಕ್ಕಾಗಿ ಸಾಲು ನಿಂತಿರುವಾಗ ಅದರ ಮೇಲೆ ವಿಹಾರ ಮಾಡುವುದು ನಾಚಿಕೆಗೇಡು ಎಂಬುದು ಇನ್ನೊಂದು. ಎರಡನೆಯದಕ್ಕೆ ನನ್ನ ಉತ್ತರ ಚಿಕ್ಕದು: ಕಯಾಕ್ ನೀರು ಕುಡಿಯುವುದಿಲ್ಲ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದ್ದು, ಅದನ್ನು ಕೇಳಿಸಿಕೊಳ್ಳುವ ವ್ಯವಧಾನ ಪಂಕ್ತಿಯಲ್ಲಿ ಯಾರಿಗೂ ಇರಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟುವ ಈ ನದಿಯನ್ನು ಸೊಲ್ಲಾಪುರ ಜಿಲ್ಲೆಯ ಉಜನಿ ಜಲಾಶಯದಲ್ಲಿ ಒಮ್ಮೆ ತಡೆಯುತ್ತಾರೆ, ಅಫಜಲಪುರ ತಾಲ್ಲೂಕಿನ ಸೊನ್ನದಲ್ಲಿ ಮತ್ತೊಮ್ಮೆ, ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಇನ್ನೊಮ್ಮೆ. ನಮ್ಮ ಪಾಲಿಗೆ ಗುರುಸಣಗಿ ಬ್ಯಾರೇಜ್ ಇದೆ. ಮಳೆಗಾಲ ಮುಗಿದ ಮೇಲೆ ಇದರ ಗೇಟುಗಳನ್ನು ಇಳಿಸಿ ನಿಲ್ಲಿಸಿಕೊಂಡ ನೀರೇ ಬೇಸಿಗೆಯಲ್ಲಿ ನಮ್ಮ ನಲ್ಲಿಗಳಿಗೂ ದಂಡೆಯ ಪಂಪ್‌ಸೆಟ್ಟುಗಳಿಗೂ ಆಧಾರ. ಹೀಗಾಗಿ ಮಾರ್ಚ್, ಏಪ್ರಿಲ್ ಹೊತ್ತಿಗೆ ಇಲ್ಲಿರುವುದು ಹರಿಯುವ ಹೊಳೆಯಲ್ಲ, ನಿಂತ ಹಿನ್ನೀರು. ಸೆಳೆತವಿಲ್ಲದ ಇಂಥ ನೀರು ನನ್ನಂತಹ ಸಾಧಾರಣ ತೋಳಿನವನಿಗೆ ವರ್ಷದ ಬೇರಾವ ಕಾಲದಲ್ಲೂ ಸಿಗುವುದಿಲ್ಲ. ಬರ ಬಿದ್ದ ವರ್ಷ ಅದೂ ಬತ್ತಿ ಬಂಡೆ ಕಾಣುತ್ತದೆ, ಉಜನಿಯಿಂದ ನೀರು ಬಿಡಿಸಿ ಎಂಬ ಕೂಗು ಏಳುತ್ತದೆ. ಅಂಥ ವರ್ಷ ನನ್ನ ಕಯಾಕ್ ಅಟ್ಟದಿಂದ ಇಳಿಯುವುದಿಲ್ಲ. ಮಾವನಿಗೆ ಇಷ್ಟಾದರೂ ಸಮಾಧಾನವಾಗಲಿ.

ಬಿಸಿಲಿನ ಮಾತಿಗೆ ಬಂದರೆ, ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಸರ್ಕಾರವೇ ನಮ್ಮ ಭಾಗದ ಕಚೇರಿಗಳನ್ನು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚಿಸುತ್ತದೆ. ನಾನು ಅದಕ್ಕಿಂತ ಬುದ್ಧಿವಂತ. ಬೆಳಕು ಹರಿದೊಡನೆ ಇಳಿದು 8ರೊಳಗೆ ದಂಡೆಗೆ ಬಂದಿರುತ್ತೇನೆ. ನನ್ನದು ಗಾಳಿ ತುಂಬುವ ಕಯಾಕ್, ಚೀಲದಲ್ಲಿ ಮಡಚಿ ಸ್ಕೂಟರಿನ ಹಿಂದೆ ಕಟ್ಟಿಕೊಂಡು ಹೋಗಬಹುದು. ಬೆಳಗಿನ ತಂಪಿನಲ್ಲಿ ಅದಕ್ಕೆ ಬಿಗಿಯಾಗಿ ಗಾಳಿ ತುಂಬಿ ಆಮೇಲೆ ಬಿಸಿಲಿನ ದಂಡೆಯಲ್ಲಿ ಬಿಟ್ಟರೆ, ಒಳಗಿನ ಗಾಳಿ ಹಿಗ್ಗಿ ಹೊಲಿಗೆ ಬಿಚ್ಚುವಷ್ಟು ಉಬ್ಬುತ್ತದೆ. ಆದ್ದರಿಂದ ಹೆಬ್ಬೆರಳು ಒತ್ತಿದರೆ ತುಸು ಒಳಗೆ ಹೋಗುವಷ್ಟು ಸಡಿಲ ಉಳಿಸಬೇಕು, ದಂಡೆಗೆ ಎಳೆದೊಡನೆ ಇನ್ನಷ್ಟು ಗಾಳಿ ಬಿಡಬೇಕು. ಅದರ ನಿಜವಾದ ಶತ್ರು ಬಿಸಿಲಲ್ಲ, ದಂಡೆಯುದ್ದಕ್ಕೂ ಬೆಳೆದಿರುವ ಬಳ್ಳಾರಿ ಜಾಲಿಯ ಮುಳ್ಳು.

ಇನ್ನು ಮೊಸಳೆ. ಹೌದು, ಇವೆ. ಕೃಷ್ಣೆಯಲ್ಲೂ ಇವೆ, ಭೀಮೆಯಲ್ಲೂ ಇವೆ. ಬೇಸಿಗೆಯಲ್ಲಿ ಅವು ದಂಡೆಯ ಮರಳು ಅಗೆದು ಮೊಟ್ಟೆಯಿಟ್ಟು ಕಾಯುತ್ತವೆ, ಆದ್ದರಿಂದ ಜನ ಓಡಾಡದ ಮರಳದಿಬ್ಬಕ್ಕೆ ನಾನು ಕಯಾಕ್ ತಾಗಿಸುವುದಿಲ್ಲ, ಕತ್ತಲಲ್ಲಿ ಇಳಿಯುವುದಿಲ್ಲ, ಕಾಲನ್ನು ನೀರಿಗೆ ಇಳಿಬಿಡುವುದಿಲ್ಲ, ಮತ್ತು ಮೊದಲು ಬಲೆ ಹಾಕುವವರನ್ನು ಕೇಳುತ್ತೇನೆ. “ಆ ಕಡೀಗಿ ಹೋಗಬ್ಯಾಡ್ರಿ ಸರ, ನಿನ್ನಿ ಒಂದು ಮಕ್ಕೊಂಡಿತ್ತು” ಎಂದರೆ ಈ ಕಡೆಗೇ ಹೋಗುತ್ತೇನೆ. ಮೊಸಳೆಗಿಂತ ನನಗೆ ಭಯವಿರುವುದು ಮರಳು ತೆಗೆದ ಗುಂಡಿಗಳದು. ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತಿರುವವನಿಗೆ ಮುಂದಿನ ಹೆಜ್ಜೆಗೆ ತಳವೇ ಸಿಗದ ಹಾಗೆ ಅವು ಬಾಯಿ ತೆರೆದುಕೊಂಡಿರುತ್ತವೆ, ಮೇಲಿನಿಂದ ನೋಡಿದರೆ ನೀರಿನ ಬಣ್ಣ ಮಾತ್ರ ತುಸು ಕಪ್ಪು. ಲೈಫ್ ಜಾಕೆಟ್ ತೊಡುವುದು ಅದಕ್ಕಾಗಿ. ಬ್ಯಾರೇಜಿನ ಗೇಟುಗಳ ಹತ್ತಿರವಂತೂ ಸುಳಿಯಲೇಬಾರದು. ಗುಂಡಿಗಳ ಬಗ್ಗೆ ನನ್ನನ್ನು ಈವರೆಗೆ ಒಬ್ಬರೂ ಕೇಳಿಲ್ಲ.

ಕೇಳದೆ ಉಳಿದಿರುವ ಇನ್ನೊಂದು ಪ್ರಶ್ನೆಯಿದೆ: ಹೊಳೆಯಿಂದ ನೋಡಿದರೆ ಯಾದಗಿರಿ ಹೇಗೆ ಕಾಣುತ್ತದೆ? ಪೇಟೆಯಲ್ಲಿ ನಡೆಯುವಾಗ ಅಂಗಡಿಗಳ ಫಲಕಗಳ ನಡುವೆ ತುಂಡು ತುಂಡಾಗಿ ಕಾಣುವ ಕೋಟೆಬೆಟ್ಟ, ನೀರಿನ ಮಟ್ಟದಲ್ಲಿ ಕುಳಿತವನಿಗೆ ಇಡಿಯಾಗಿ ಸಿಗುತ್ತದೆ. ಈ ಬಂಡೆ ಇಲ್ಲಿದ್ದುದರಿಂದಲೇ ಊರು ಇಲ್ಲಿ ಬೆಳೆಯಿತೆಂಬುದು ಅಲ್ಲಿ ಕುಳಿತಾಗ ಕಣ್ಣಿಗೇ ತಿಳಿಯುತ್ತದೆ. ಕಪ್ಪು-ಬಿಳುಪಿನ ಮಿಂಚುಳ್ಳಿ ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು, ಕೊಕ್ಕು ಕೆಳಗೆ ಮಾಡಿ, ಕಲ್ಲಿನಂತೆ ಬೀಳುತ್ತದೆ. ಎಮ್ಮೆಗಳು ಮೂಗಿನವರೆಗೆ ಮುಳುಗಿ, ಹುಟ್ಟಿನ ಸಪ್ಪಳಕ್ಕೆ ಕಿವಿ ಮಾತ್ರ ತಿರುಗಿಸುತ್ತವೆ. ಆಮೇಲೆ ಊರಿನ ಕೊಳೆ ಹೊತ್ತ ಹಳ್ಳವೊಂದು ನದಿಗೆ ಕೂಡುವ ಜಾಗ ಬರುತ್ತದೆ. ಅಲ್ಲಿ ನೊರೆ, ಪ್ಲಾಸ್ಟಿಕ್ ಕವರು, ಹಾರ ಸಮೇತ ಬಿಟ್ಟ ದೇವರ ಫೋಟೋಗಳು. ಆ ವಾಸನೆ ಸೇತುವೆಯ ಮೇಲಿನ ಬಸ್ಸಿಗೆ ತಲುಪುವುದಿಲ್ಲ. ಕುಡಿಯಲು ನೀರಿಲ್ಲ ಎಂದ ಮಾವನನ್ನು ನಾನು ಕೂರಿಸಿಕೊಂಡು ಹೋಗಬೇಕೆಂದಿರುವುದು ಇಲ್ಲಿಗೇ, ಆದರೆ ಅವರು ಊಟ ಮುಗಿಸಿ ಕೇಳಿದ್ದು, “ಫೋಟೋ ಇದ್ರ ವಾಟ್ಸಾಪಿಗಿ ಹಾಕು” ಎಂದಷ್ಟೇ.

ಜುಲೈ ಬಂದು ನದಿ ಕೆಂಪಗೆ ತುಂಬಿದೊಡನೆ ಇದೇ ಜನ ಪ್ರಶ್ನೆಯನ್ನು ತಿರುವಿ ಹಾಕುತ್ತಾರೆ: “ಈಗ ನೀರು ಬಂದೈತಲ್ರೀ, ಯಾಕ ಹೋಗವಲ್ರಿ?” 2020ರ ಅಕ್ಟೋಬರಿನಲ್ಲಿ ಇದೇ ಭೀಮೆ ದಂಡೆಯ ಹೊಲಗಳನ್ನೂ ಹಳ್ಳಿಗಳನ್ನೂ ಮುಳುಗಿಸಿದ್ದನ್ನು ನೋಡಿದವರೇ ಹೀಗೆ ಕೇಳುತ್ತಾರೆ. ಗೇಟು ಎತ್ತಿದ ನದಿಗೆ ನಾನು ಇಳಿಯುವುದಿಲ್ಲ. ಬರಬೇಕೆಂದಿರುವವರು ಮಾರ್ಚ್‌ವರೆಗೆ ಕಾಯಲಿ, ಟೊಪ್ಪಿಗೆ ತರಲಿ. ಕಯಾಕಿನಲ್ಲಿ ಮುಂದಿನ ಸೀಟು ಖಾಲಿಯೇ ಇದೆ.